ಗೂಬೆಯ ಮಡಕೆ

ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ವಿದಾಲ್ ಸತ್ತ ಅಣ್ಣ ಕಸಿಮಿರೋನ ತಲೆದಿಂಬಿನಡಿ ಕೈ ತೂರಿಸಿ ತಡಕಾಡಿದ.

"ಏನೋ ಹುಡುಕ್ತಿದ್ದೀಯ?" ವಿಧವೆ ಸೊಯ್ಲಾ ಬಾಗಿಲಲ್ಲಿ ನಿಂತಿದ್ದಳು.

"ದಿಂಬು ಸರಿ ಮಾಡ್ತಿದ್ದೆ ಅತ್ತಿಗೆ."

"ಸತ್ತೋರ ದಿಂಬು ಸರಿ ಮಾಡೋದು ನಿಮ್ಮನೆ ಕಸುಬೇ ಅಲ್ವಾ!"

ಅಂಗಳದಲ್ಲಿ ಜೋಳದ ಹೆಂಡ ಹೀರುತ್ತ ಕೂತವರು ಕಿಸಕ್ಕನೆ ನಕ್ಕರು. ಅವರೂ ಅದೇ ಗೋರಿ ಅಗೆಯುವ ಕಸುಬಿನವರು, ಅಳುವುದಕ್ಕೆ ಬಂದವರಲ್ಲ. ಎಲ್ಲರ ಕಣ್ಣೂ ಮೂಲೆಯ ಗೂಬೆಯ ಮಡಕೆಯ ಮೇಲೆ. ಕೆನೆಬಣ್ಣದ ಮೈ, ಕೆಂಪು ಪುಕ್ಕ, ಬೆನ್ನಿನಿಂದ ಬಳೆಯಂತೆ ಬಾಗಿ ಎದ್ದ ಕೊಳವೆಬಾಯಿ. ಮೋಚೆ ಕಣಿವೆಯ ಹಳೇ ಗೋರಿಗಳಿಂದ ಕಸಿಮಿರೋ ಅಗೆದು ತಂದ ನರಿ, ಬಾತು, ಏಡಿ, ಕಡಲಸಿಂಹದ ಮಡಕೆಗಳೆಲ್ಲ ಪೇಟೆಯ ದಲ್ಲಾಳಿಗಳ ಪಾಲಾಗಿ, ಕೊನೆಗೆ ಹೆಂಡವಾಗಿ ಅವನ ಹೊಟ್ಟೆ ಸೇರಿದ್ದವು. ಉಳಿದದ್ದು ಇದೊಂದೇ.

*

ಹಾಸಿಗೆ ಹಿಡಿದಾಗ ಅವನಂದಿದ್ದ: "ಸತ್ತೋರಿಗೆ ಗೂಬೆ ದಾರಿ ತೋರಿಸುತ್ತಂತೆ ಕಣೇ. ಆ ಮಡಕೇನ ನನ್ ಜೊತೆ ಹೂಳು. ಮೇಲೆ ಸಿಮೆಂಟ್ ಹಾಕ್ಸು."

"ಸಿಮೆಂಟ್ ಯಾಕೆ?"

"ಯಾರಾದ್ರೂ ಅಗೆದ್ರೆ?"

ಸೊಯ್ಲಾಗೆ ನಕ್ಕು ನಕ್ಕು ಕೆಮ್ಮು ಬಂತು. "ಅಗೆಯೋದು ಊರಿಗೆಲ್ಲ ಕಲ್ಸಿದ್ದೇ ನೀನು! ಎಷ್ಟು ಜನರ ಮೂಳೆ ಮರಳಿನ ಮೇಲೆ ಎಸೆದು ಬಂದೆ? ಅವರಿಗೆ ದಾರಿ ಬೇಡವಾಗಿತ್ತಾ?"

ಅವನು ಅವಳ ಲಂಗದ ಅಂಚು ಹಿಡಿದುಕೊಂಡ. "ನನ್ನ ಮೂಳೆ ಹಾಗೆ ಎಸೀಬಾರ್ದು ಸೊಯ್ಲಾ."

ಅವಳು ಹೂಂ ಅನ್ನಲಿಲ್ಲ. ಲಂಗವನ್ನೂ ಬಿಡಿಸಿಕೊಳ್ಳಲಿಲ್ಲ.

*

ಯಾವ ಸಿಮೆಂಟನ್ನೂ ಸದ್ದಿಲ್ಲದೆ ಒಡೆಯಬಲ್ಲವರೇ ಹೆಗಲು ಕೊಟ್ಟು ನಡೆದರು. ಹಿಂದೆ ಸೊಯ್ಲಾ, ಶಾಲಿನಲ್ಲಿ ಕೂಸಿನಂತೆ ಗೂಬೆ. ಗುಂಡಿಗೆ ಪೆಟ್ಟಿಗೆ ಇಳಿಯಿತು.

"ಅಣ್ಣನ ಆಸೆ ಅತ್ತಿಗೆ, ಅದನ್ನೂ ಇಟ್ಬಿಡಿ," ವಿದಾಲ್ ದನಿ ಬೆಣ್ಣೆಯಾಗಿತ್ತು.

"ಇಡ್ತೀನಪ್ಪ. ಆಮೇಲೆ ನೀನು ಗುದ್ದಲಿ ಹಿಡ್ಕೊಂಡು ಬರೋದು ನಾಳೆಯೋ, ನಾಡಿದ್ದೋ?"

ಅವಳು ಗೂಬೆಯನ್ನು ತಲೆಯ ಮೇಲಕ್ಕೆತ್ತಿದಳು. ಅದರ ದುಂಡು ಕಣ್ಣುಗಳು ಒಂದು ಕ್ಷಣ ಊರನ್ನೆಲ್ಲ ನೋಡಿದವು. ಮರುಕ್ಷಣ ಗೂಬೆ ಪೆಟ್ಟಿಗೆಯ ಮೇಲೆ ಫಳಾರನೆ ಚೂರಾಯಿತು.

"ಅಯ್ಯೋ!" ಆ ದಿನ ಊರು ಅತ್ತದ್ದು ಆಗಲೇ.

"ಇನ್ನು ಅಲ್ಲಿ ಅಗೆಯೋಕೆ ಏನೂ ಇಲ್ಲ," ಎಂದಳು ಸೊಯ್ಲಾ. "ಪಾಪಿ, ಮಲಗಲಿ."

ವಿದಾಲ್ ಆಗಲೇ ಗುಂಡಿಗೆ ಹಾರಿದ್ದ. ಅಣ್ಣನ ಎದೆಯ ಮೇಲೆ ಮಂಡಿಯೂರಿ ಚೂರುಗಳನ್ನು ಟೋಪಿಗೆ ತುಂಬುತ್ತಿದ್ದ. "ಅಂಟಿಸಬಹುದು... ಅಂಟಿಸಬಹುದು..."

"ಮೇಲೆ ಬರ್ತೀಯೋ, ಅಲ್ಲೇ ಇರ್ತೀಯೋ?" ನೆರೆಮನೆಯ ಪೆತ್ರೋನಿಲಾ ಕೂಗಿದಳು.

ಸೊಯ್ಲಾ ಬಾಗಿ ಮೊದಲ ಹಿಡಿ ಮರಳು ಎರಚಿದಳು. ಅದು ವಿದಾಲ್‌ನ ಬೋಳುತಲೆಯ ಮೇಲೆ ಬಿತ್ತು. ಅವನು ತಲೆಯೆತ್ತಲಿಲ್ಲ, ಗೂಬೆಯ ಇನ್ನೊಂದು ಕಣ್ಣು ಹುಡುಕುತ್ತಿದ್ದ.