ಊರಿಂದ ತಂದ ಹರ್ನಿಯಾ

"ಚಡ್ಡಿ ಇಳಿಸು ಮಾರಾಯ, ನಾನೂ ಒಮ್ಮೆ ನೋಡ್ತೇನೆ. ಕಮಿಟಿಗೆ ಬರೀಬೇಕಲ್ಲ," ಎಂದು ಅಕ್ಷಿತ್ ನಕ್ಕ.

ಕೊಲ್ಲಿ ನಾಡಿನ ಖುರುಮ್ ಬಡಾವಣೆಯ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಗೆ ಅವನು ಮ್ಯಾನೇಜರು. ಊರಲ್ಲಿ ಅವನಜ್ಜನ ಗದ್ದೆಗೆ, ಈಗ ಎದುರು ನಿಂತ ಕೆಲಸಗಾರ ಪೂವಪ್ಪನ ಅಜ್ಜ ಒಕ್ಕಲು. ಪೂವಪ್ಪ ಕಡಲು ದಾಟಿ ಬಂದರೆ, 'ಧಣಿ' ಎಂಬ ಮಾತು ಅವನಿಗಿಂತ ಮೊದಲೇ ಬಂದು ಇಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಪೂವಪ್ಪ ಚಡ್ಡಿ ಇಳಿಸಲಿಲ್ಲ. ಹೆಗಲ ಮೇಲಿದ್ದ ಒದ್ದೆ ಚಾದರಗಳ ಗಂಟನ್ನೂ ಇಳಿಸಲಿಲ್ಲ. ಒಂದು ಕೈ ತೊಡೆಸಂದಿಯ ಉಬ್ಬನ್ನು ಒತ್ತಿ ಹಿಡಿದಿತ್ತು.

ಅಕ್ಷಿತ್ ಫಾರಂ ಮುಂದೆ ತಳ್ಳಿದ. "ಇನ್ಶೂರೆನ್ಸ್ ಅಂದ್ರೆ ಕಂಪನಿಗೆ ದಂಡ. ಇನ್ನು ಬರೀ ಪಾಲು. ಎಲ್ಲರೂ ತಿಂಗಳಿಗೆ ಎರಡು ರಿಯಾಲ್ ಹಾಕುದು, ಕಾಯಿಲೆ ಬಂದವನಿಗೆ ಅದರಿಂದ ಕೊಡುದು. ಒಂದೇ ಮನೆಯವರ ಹಾಗೆ. ಹತ್ತೊಂಬತ್ತು ಜನರ ಸೈನ್ ಆಯ್ತು. ನಿಂದೂ ಬಿದ್ರೆ ಹಳೇ ಕಾರ್ಡು ಖಲಾಸ್."

"ನನ್ನ ಆಪರೇಷನ್ನಿಗೆ ಪಾಲು ಉಂಟಾ, ಸಣ್ಣ ಧಣಿ?"

"ನಿಂದು ಊರಿಂದ ತಂದ ರೋಗ. ಅದಕ್ಕಿಲ್ಲ. ಪಾಲಿನ ಕಮಿಟಿ ತೀರ್ಮಾನ."

"ಕಮಿಟಿಯಲ್ಲಿ ಯಾರೆಲ್ಲ?"

"ನಾನು."

ಅಕ್ಷಿತನ ಕೊರಳಿನ ದಾರದಲ್ಲಿ ಅವನದೇ ಇನ್ಶೂರೆನ್ಸ್ ಕಾರ್ಡು ತೂಗುತ್ತಿತ್ತು. ರಾಕ್ಷಸನ ಜೀವ ಗಿಳಿಯೊಳಗಿರುತ್ತದೆ ಎಂದು ಅಜ್ಜಿ ಹೇಳುತ್ತಿದ್ದದ್ದು ಪೂವಪ್ಪನಿಗೆ ನೆನಪಾಯಿತು. ಕಾರ್ಡೂ ಹಸಿರೇ.

"ನಿಮಗೆ ಪಾಲು ಬೇಡವಾ?"

"ಆಫೀಸಿನವರಿಗೆ ಬೇರೆ."

ಪೂವಪ್ಪ ತಲೆಯಾಡಿಸಿದ. "ವೀಸಾಕ್ಕೆ ಮೊದಲು ಮಂಗಳೂರಲ್ಲಿ ಮೆಡಿಕಲ್ ಮಾಡಿಸಿದ್ರಿ. ಬತ್ತಲೆ ನಿಲ್ಲಿಸಿ, ಕೆಮ್ಮು ಕೆಮ್ಮು ಅಂತ ಹೇಳಿ, ಡಾಕ್ಟ್ರು ಕೆಳಗೆ ಕೈ ಹಾಕಿ ನೋಡಿದ್ರು. ಫಿಟ್ ಅಂತ ಬರೆದ ಕಾಗದ ನಿಮ್ಮ ಫೈಲಲ್ಲೇ ಉಂಟು. ಒಂಬತ್ತು ವರ್ಷ ಗಂಟು ಹೊತ್ತದ್ದು ಇಲ್ಲಿ. ಊರಿಂದ ತಂದದ್ದು ಎಂಥದು?"

"ಬೋಳಿಮಗನೆ, ನಂಗೇ ಕಾನೂನು ಹೇಳ್ತೀಯಾ? ನಿನ್ನಜ್ಜ ನಮ್ಮ ಅಂಗಳದಲ್ಲಿ ತಲೆ ಎತ್ತಿದವನಲ್ಲ. ಯಲ್ಲಾ, ಬೇಗ ಸೈನ್ ಹಾಕು!"

"ಪಾಲು ಅಂದ್ರಲ್ಲ. ಈ ಗಂಟಿನಿಂದಲೇ ಶುರು ಮಾಡುವ."

ಪೂವಪ್ಪ ಗಂಟನ್ನು ಹೆಗಲಿಂದ ಜಾರಿಸಿದ. ಅದು ಮೇಜಿನ ಮೇಲೆ, ಫಾರಮಿನ ಮೇಲೆ ಧೊಪ್ಪೆಂದು ಕೂತಿತು. ನೀರು ಹರಡಿತು. ಹತ್ತೊಂಬತ್ತು ಸೈನುಗಳು ಒಂದರೊಳಗೊಂದು ಕಲಸಿ ನೀಲಿ ತೊರೆಯಾಗಿ ಅಕ್ಷಿತನ ಪ್ಯಾಂಟಿಗೆ ಇಳಿದವು.

ಬಾಗಿಲಲ್ಲಿ ಇಸ್ತ್ರಿಯ ಕುಸುಮ ನಿಂತಿದ್ದಳು. ಆ ಪಟ್ಟಿಯಲ್ಲಿ ಮೊದಲ ಸೈನು ಅವಳದು. ಒಳಗೆ ಹೋದಳು. ಬರುವಾಗ ಸೊಂಟದಲ್ಲಿ ಇನ್ನೊಂದು ಒದ್ದೆ ಗಂಟಿತ್ತು.

"ಪೂವಪ್ಪಣ್ಣ, ಇದನ್ನೆಲ್ಲಿ ಇಡುದು? ಮೇಜು ತುಂಬಿದೆಯಲ್ಲ."

ಪೂವಪ್ಪ ಉಬ್ಬು ಒತ್ತಿಕೊಂಡೇ ಅಕ್ಷಿತ್ ಕೂತಿದ್ದ ಕುರ್ಚಿಯ ಕಡೆ ನೋಡಿದ.

"ಅವನ ತೊಡೆ ಮೇಲೆ ಜಾಗ ಉಂಟು," ಎಂದ.