ಜವೆಗೋಧಿಯ ಪಾಕ

ಹೆಬ್ಬೆರಳಿನಲ್ಲಿ ಇನ್ನೂ ಇದೆ ಆ ನಾತ, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಿಲ್ಲ, ಹುಣಸೆಹಣ್ಣು ತಿಕ್ಕಿದರೂ ಹೋಗಿಲ್ಲ, ಉಗುರಿನ ಸಂದಿಯಲ್ಲಿ ಬಿಡಾರ ಹೂಡಿಬಿಟ್ಟಿದೆ — ಸೋಮಶೇಖರಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೆರಳನ್ನು ಮೂಗಿಗೆ ಹಿಡಿದ, ಥೂ ಎಂದು ಪಂಚೆಗೆ ಒರೆಸಿದ, ಮತ್ತೆ ಹಿಡಿದ, ಹೇಸಿಗೆಗೂ ಒಂದು ಸೆಳೆತ ಇರುತ್ತದೆ, ಹಾಳಾದ್ದು. ನಿನ್ನೆ ರಾತ್ರಿ ಮಂಗಳೂರಿನಿಂದ ಅವನ ಜೊತೆಯಲ್ಲೇ ಘಾಟಿ ಹತ್ತಿ ಬಂದ ಮರದ ಪೆಟ್ಟಿಗೆ ಎದುರಿಗಿದೆ, ಒಳಗೆ ಬಿಳಿಯರ ಸೀಮೆಯಿಂದ ಹಡಗಿನಲ್ಲಿ ಬಂದ ಡಬ್ಬಿಗಳು, ಡಬ್ಬಿಯ ಮೇಲೆ ಬಂಗಾರದ ಬಣ್ಣದ ಜವೆಗೋಧಿ ತೆನೆ, ಎಂಥ ಚೆಂದದ ತೆನೆ, ಇಂಗ್ಲಿಷ್ ಓದಲು ಬಾರದ ತಾನು ಆ ತೆನೆಯನ್ನು ನಂಬಿಯೇ ಅಲ್ಲವೇ ಮೂಡಿಗೆರೆ ಪೇಟೆಯ ಶಿವಭಕ್ತರ ಮನೆಮನೆಗೂ ಜವೆಗೋಧಿ ಪಾಕ, ಮೈಗೆ ಬಲ, ಎಂದು ಮಾರಿದ್ದು, ಬಾಣಂತಿಯರಿಗೆ, ಮಕ್ಕಳಿಗೆ, ಮಠದ ಅಯ್ಯನವರಿಗೆ — ಅಯ್ಯನವರಿಗೆ ಪುಕ್ಕಟೆಯಾಗಿ ಬೇರೆ — ಎಲ್ಲರಿಗಿಂತ ಮೊದಲು ಹೆತ್ತ ತಾಯಿಗೆ. ಪೆಟ್ಟಿಗೆಯ ಮೂಲೆಯನ್ನು ಬೆಕ್ಕು ಮೂಸುತ್ತಿದೆ. ಬೆಕ್ಕಿಗೆ ಮೊದಲಿಂದಲೂ ಗೊತ್ತಿತ್ತು. ಅವ್ವ ಚಮಚ ಹಿಡಿದಾಗಲೆಲ್ಲ ಅವಳ ಕಾಲು ಸುತ್ತುತ್ತಿತ್ತು, ಅವ್ವ ನಗುತ್ತಿದ್ದಳು, ನೋಡು ಮಗ, ನಮ್ಮನೆ ಬೆಕ್ಕೂ ಜವೆಗೋಧಿಗೆ ಆಸೆ ಬೀಳ್ತದೆ, ಇದು ಹೋದ ಜನ್ಮದ ಶರಣ ಇರ್ಬೇಕು. ಹೋದ ಕಾರ್ತೀಕದ ಜ್ವರದಲ್ಲಿ ಅವ್ವ ಎಲುಬಿನ ಗೂಡಾಗಿದ್ದಳು, ಡಾಕ್ಟರು ಕೈಚೆಲ್ಲಿದ್ದರು, ಈ ಪಾಕ ಹೊಟ್ಟೆಗಿಳಿದ ಮೇಲೆಯೇ ಎದ್ದು ಕೂತಳು, ಆಮೇಲೆ ತಾನೇ ಬಾವಿಯಿಂದ ನೀರು ಸೇದಿದಳು, ತಿಂದು ಮುಗಿಸಿ ಚಮಚವನ್ನು ಬೋರಲು ಮಾಡಿ ಅದರ ಬೆನ್ನನ್ನೂ ನೆಕ್ಕುತ್ತಾಳೆ, ಹೊಟ್ಟೆಗೆ ಹೋಗೋದನ್ನ ದಂಡ ಮಾಡಬಾರ್ದಪ್ಪ.

ಯಾವತ್ತೂ ಮಂಗಳೂರಿನ ಏಜೆಂಟನೇ ಬಿಡಿಸಿ ಕಳಿಸುತ್ತಿದ್ದ ಮಾಲು, ಈ ಸಲ ಸುಂಕದ ಕಚೇರಿಗೆ ಹೊಸ ಅಧಿಕಾರಿ ಬಂದಿದ್ದ, ಯಜಮಾನನೇ ಬರಲಿ ಎಂದು ತಡೆದು ಕೂತ, ಮೊನ್ನೆ ಶನಿವಾರ ಬಂದರಿನಲ್ಲಿ ಒಣಮೀನಿನ ರಾಶಿ ದಾಟುವಾಗ ಶಲ್ಯವನ್ನು ಮೂಗಿಗೆ ಒತ್ತಿ ಹಿಡಿದುಕೊಂಡೇ ಒಳಗೆ ಹೋದದ್ದು, ಒಳಗೆ ಆ ಅಧಿಕಾರಿ ಒಂದು ಡಬ್ಬಿ ಬಿಚ್ಚಿ ಒಂದು ಚಮಚ ಪಾಕವನ್ನು ಬಿಸಿನೀರಿನ ಗ್ಲಾಸಿನಲ್ಲಿ ಕದಡಿದ, ಕಂದು ಬಣ್ಣ ಕರಗಿತು, ಮೇಲೆ ಹಳದಿ ಎಣ್ಣೆ ಕಣ್ಣುಕಣ್ಣಾಗಿ ತೇಲಿತು, ಹೊರಗೆ ಬಿಟ್ಟುಬಂದ ನಾತವೇ ಗ್ಲಾಸಿನಿಂದ ಎದ್ದಿತು. ನೋಡಿ ಸಾಹುಕಾರ್ರೆ, ಇದು ಮೀನೆಣ್ಣೆ, ಮೀನಿನ ಹೊಟ್ಟೆಯೊಳಗಿಂದ ತೆಗೆಯುವಂಥದ್ದು, ಜವೆಗೋಧಿ ವಾಸನೆ ಮುಚ್ಚಲಿಕ್ಕೆ ಮಾತ್ರ ಉಂಟು, ಈಗ ಇದು ಆಹಾರವೋ ಔಷಧಿಯೋ ನೀವೇ ಹೇಳಿ, ಜವೆಗೋಧಿ ಮುಖ್ಯ ಅಂತಾದರೆ ಆಹಾರ, ಸುಂಕ ಹೆಚ್ಚು, ಮೀನೆಣ್ಣೆ ಮುಖ್ಯ ಅಂತಾದರೆ ಔಷಧಿ, ಸುಂಕ ಕಡಿಮೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆದೀತೇ, ನಮ್ಮವ್ವ ಇದನ್ನು ತಿಂದಿದ್ದಾಳೆ ಸ್ವಾಮಿ ಎಂದು ಅಲ್ಲಿ ಯಾರ ಕಾಲ ಮೇಲೆ ಬೀಳುವುದು, ಅವ್ವ, ಒಣಮೀನಿನ ಗಾಡಿ ತಾಗಿಕೊಂಡು ಹೋಯಿತೆಂದು ಅಂಗಡಿಗೆ ಬಂದ ಅಷ್ಟೂ ಬೆಲ್ಲದ ಮೂಟೆಗಳನ್ನು ವಾಪಸು ಕಳಿಸಿದ ಅವ್ವ — ಆದರೆ ಬಾಯಿ ಏನು ಹೇಳಿತು? ಮೀನೆಣ್ಣೆಯೇ ಮುಖ್ಯ ಸ್ವಾಮಿ ಅಂದಿತು. ಅಧಿಕಾರಿ ಅನುಮಾನಿಸಿದ, ನಿಮ್ಮ ಏಜೆಂಟರು ಇಷ್ಟು ದಿನ ಜವೆಗೋಧಿ ಅಂತಲೇ ಹೇಳಿದ್ದಲ್ಲವಾ. ಆಗ ಈ ಹೆಬ್ಬೆರಳು, ಇದೇ ಹೆಬ್ಬೆರಳು, ಡಬ್ಬಿಗೆ ಇಳಿಯಿತು, ಅದನ್ನು ನೆಕ್ಕಿ ತೋರಿಸಿದ, ನೋಡಿ, ಬರೀ ಮೀನು, ಮೀನೇ. ಅಧಿಕಾರಿ ನಕ್ಕ, ಹಣೆಯ ಮೇಲೆ ವಿಭೂತಿ ಉಂಟು, ಮೀನಿನ ರುಚಿ ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ. ತಾನೂ ನಕ್ಕ. ಹಲ್ಲು ಕಿರಿದ. ಚಾರ್ಮಾಡಿಯ ತಿರುವಿನಲ್ಲಿ ಬಸ್ಸಿನಿಂದ ತಲೆ ಹೊರಗೆ ಹಾಕಿ ಕಕ್ಕಿದ್ದು ಮೀನಿಗಲ್ಲ, ಆ ನಗುವಿಗೆ, ಎಷ್ಟು ಕಕ್ಕಿದರೂ ಅದು ಹೊರಗೆ ಬರಲಿಲ್ಲ.

ಅಂಗಡಿಯ ಹಿಂದಿನ ಮನೆಯೊಳಗೆ ಪೂಜೆಯ ಗಂಟೆ ನಿಂತಿತು, ಅವ್ವ ಗೋಡೆ ಹಿಡಿದುಕೊಂಡು ನಡುಮನೆಯ ಬಾಗಿಲಿಗೆ ಬಂದಿದ್ದಾಳೆ, ಮುಖ ಬಿಳಿಚಿದೆ, ಕೈಯಲ್ಲಿ ಚಮಚ. ಡಬ್ಬಿ ಬಂತಾ ಮಗ, ವಾರದಿಂದ ಅದಿಲ್ದೆ ಕಣ್ಣಿಗೆ ಕತ್ಲೆ ಬರ್ತದೆ, ಆದ್ರೆ ಇವತ್ತು ಸೋಮವಾರ, ಧಾನ್ಯ ಮುಟ್ಟೋ ಹಂಗಿಲ್ಲ, ಇಷ್ಟು ದಿನ ಸೋಮವಾರ ಬಿಟ್ಟೇ ತಿಂದೆ, ನೀನು ತಿಳ್ದೋನು, ಅದು ಆಹಾರವೋ ಔಷಧಿಯೋ ಹೇಳು, ಆಹಾರ ಆದ್ರೆ ನಾಳೆ ತಿಂತೀನಿ, ಔಷಧಿ ಆದ್ರೆ ಈಗ್ಲೇ ಕೊಡು, ಔಷಧಿಗೆ ಉಪವಾಸದ ಅಡ್ಡಿ ಇಲ್ಲ ಅಂದ್ರು ಅಯ್ಯನೋರು. ಅದೇ ಪ್ರಶ್ನೆ, ಘಾಟಿ ಹತ್ತಿ ಹಿಂದೆಯೇ ಬಂದಿದೆ. ಹೇಳಿಬಿಡು, ಮೀನು ಎಂದು ಹೇಳಿಬಿಡು, ಹೇಳಿದರೆ ಅವ್ವ ನಿನ್ನ ಕೈಯ ನೀರನ್ನೂ ಮುಟ್ಟುವುದಿಲ್ಲ, ಬರುವ ಕಾರ್ತೀಕಕ್ಕೆ ಉಳಿಯುವುದಿಲ್ಲ, ಆಹಾರ ಅನ್ನು, ಇವತ್ತೊಂದು ದಿನವಾದರೂ ಅವಳ ಬಾಯಿ ಶುದ್ಧ, ನಾಳೆ? ನಾಳೆ ಮತ್ತೆ ಇದೇ ಬಾಗಿಲು, ಇದೇ ಚಮಚ — ಔಷಧಿ ಕಣವ್ವ ಅಂದಿತು ಬಾಯಿ, ಸುಂಕದ ಕಚೇರಿಯಲ್ಲಿ ಹೇಳಿದ ದನಿಯೇ, ಅದೇ ಬೆಣ್ಣೆಯಂಥ ದನಿ, ಅವ್ವ ಉಳಿಯಲಿ ಎಂದು ಹೇಳಿತೋ, ಪೇಟೆಗೆಲ್ಲ ಗೊತ್ತಾದರೆ ಪೆಟ್ಟಿಗೆ ಹಾಗೇ ಉಳಿದೀತು ಎಂದು ಹೇಳಿತೋ, ಥೂ, ಅದು ಅವನಿಗೇ ಗೊತ್ತಿಲ್ಲ, ಕೈ ಮಾತ್ರ ಡಬ್ಬಿ ಬಿಚ್ಚುತ್ತಿದೆ, ಅವ್ವನ ಚಮಚ ತುಂಬುತ್ತಿದೆ, ಪಾಕ ಎಳೆ ಬಿಡುತ್ತಿದೆ, ಬೆಕ್ಕು ಓಡಿ ಬಂತು, ಅವ್ವ ಲಿಂಗ ಹಿಡಿದ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡು ಶಿವಾ ಎಂದಳು, ಬಾಯಿಗಿಟ್ಟುಕೊಂಡಳು, ನುಂಗಿದಳು, ನೀನಿದ್ದೀಯಲ್ಲ ಮಗ, ನಂಗೆ ಇನ್ಯಾರ ಹಂಗು, ಎಂದಳು, ಚಮಚವನ್ನು ಬೋರಲು ಮಾಡಿದಳು, ಬೆನ್ನನ್ನು ನೆಕ್ಕುತ್ತಿದ್ದಾಳೆ, ನಿಧಾನ, ಒಂದಿಷ್ಟೂ ಬಿಡದೆ, ಚಮಚದ ಬೆನ್ನು, ನಾಲಿಗೆ, ಚಮಚದ ಬೆನ್ನು