ದಿಬ್ಬದ ಹನ್ನೊಂದು ಮನೆ

"ತಲೆ ಕಡೆ ಸ್ವಲ್ಪ ಎತ್ತಿ. ಹಾಂ, ಸಾಕು. ಕಾಲ ಕಡೆಯವರು ಕೈ ಬಿಡಬೇಡಿ... ಬಾಗಿಲಿಗೆ ತಾಗುತ್ತೆ, ಎಡಕ್ಕೆ, ಎಡಕ್ಕೆ!"

"ಕೂಗಾಡಬೇಡಪ್ಪ. ಅದು ಪೈಪಲ್ಲ, ನಮ್ಮ ಭಾವ," ಎಂದರು ತೀರಿಕೊಂಡವರ ಭಾವಮೈದುನ.

ಕೂಗುತ್ತಿದ್ದವನು ಪೈಪ್ ಜೋಡಿಸುವ ಫಿಟ್ಟರ್. ಆ ಮಾತು ಕೇಳಿದ್ದೇ ಶವದ ಪೆಟ್ಟಿಗೆಯ ಮೇಲೆ ಹಣೆಯಿಟ್ಟು ಅತ್ತುಬಿಟ್ಟ. "ಮೂವತ್ತು ವರ್ಷ ಸಾಹೇಬ್ರ ಜೊತೆ ಪೈಪ್ ಇಳಿಸಿದ್ದೇ ಇಳಿಸಿದ್ದು. ನಂಗೆ ಬೇರೆ ಮಾತು ಬರಲ್ಲ ಸ್ವಾಮಿ."

ಹಳ್ಳಿಗಳಿಗೆ ಕುಡಿಯುವ ನೀರು ತರುವ ಇಲಾಖೆಗೆ ಕಿರಿಯ ಇಂಜಿನಿಯರಾಗಿ ಸೇರಿ, ಕಿರಿಯ ಇಂಜಿನಿಯರಾಗಿಯೇ ನಿವೃತ್ತರಾದ ಮನುಷ್ಯ. ಅವರ ಕೈಕೆಳಗೆ ಕೆಲಸ ಕಲಿತವರೆಲ್ಲ ಅವರಿಗೇ ಸಾಹೇಬರಾದರು. ಗುತ್ತಿಗೆದಾರರು ಬೆನ್ನ ಹಿಂದೆ 'ಲೆವೆಲ್ ಸಾಹೇಬ್ರು' ಎಂದು ನಗುತ್ತಿದ್ದರು. ನೆಲದ ಏರುತಗ್ಗನ್ನು ಮೂರು ಮೂರು ಸಲ ಅಳೆಯದೆ ಎಲ್ಲೂ ಗುದ್ದಲಿ ಹಾಕಲು ಬಿಡುತ್ತಿರಲಿಲ್ಲ, ಅದಕ್ಕೆ.

ಮಗಳು ಅಳಲಿಲ್ಲ. ಅಳುವಿಗೆ ಸಿಟ್ಟು ಅಡ್ಡ ನಿಂತಿತ್ತು. ಅವಳ ಒಂದು ಹುಟ್ಟುಹಬ್ಬಕ್ಕೂ ಅಪ್ಪ ಮನೆಯಲ್ಲಿ ಇದ್ದವರಲ್ಲ. ಆ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ, ಎಲ್ಲೋ ದಿಬ್ಬದ ಮೇಲಿನ ಹನ್ನೊಂದು ಮನೆಗಳಿಗೆ ಹೋಗಿಬಿಡುತ್ತಿದ್ದರು. ನಿವೃತ್ತರಾದ ಮೇಲೂ ಹೋದರು. ಹೋದ ತಿಂಗಳು, ಅವಳಿಗೆ ಮೂವತ್ತೊಂದು ತುಂಬಿದ ದಿನ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿದ್ದರೂ ಹೋದರು. "ಅಲ್ಲೇನಪ್ಪ ಇದೆ, ನನಗಿಂತ ಹೆಚ್ಚಿಂದು?" ಎಂದು ಅವಳು ಕೇಳಿದ್ದಳು. "ಕೆಲಸ ಬಾಕಿ ಇದೆ ಪುಟ್ಟಿ," ಎಂದಷ್ಟೇ ಉತ್ತರ. ಇನ್ನೊಮ್ಮೆ ಕೇಳೋಣವೆಂದರೆ ಈಗ ಅಪ್ಪನೇ ಇಲ್ಲ.

ಮಣ್ಣು ಮಾಡಿ ಬಂದವರು ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು ಒಬ್ಬೊಬ್ಬರಾಗಿ ಒಳಗೆ ಹೋದರು. ಗೇಟಿನ ಹತ್ತಿರ ಒಬ್ಬ ಅಜ್ಜಿ ನಿಂತಿದ್ದಳು. ಬಸ್ಸು ತಪ್ಪಿ, ನಡೆದು ಬಂದು, ಕೊನೆಗೆ ಮುಖ ನೋಡಲೂ ಸಿಕ್ಕಿರಲಿಲ್ಲ. ಕಾಲೆಲ್ಲ ಧೂಳು. ಅವಳನ್ನು ಕಂಡದ್ದೇ ಫಿಟ್ಟರ್ ತಲೆ ತಗ್ಗಿಸಿದ.

"ಇವಳೇನಾ ಆ ಮಗು?" ಎಂದಳು ಅಜ್ಜಿ.

"ಯಾವ ಮಗು? ಯಾರಿವರು?" ಮಗಳು ಫಿಟ್ಟರ್ ಕಡೆ ತಿರುಗಿದಳು.

"ದಿಬ್ಬದವರು ಕಣಮ್ಮ. ನಿಮಗೆ ಹೇಳಬೇಡ ಅಂತ ಸಾಹೇಬ್ರು ಮಾತು ತಗೊಂಡಿದ್ರು." ಅವನು ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. "ಅವರೇ ಹೋದ್ರಲ್ಲ. ಇನ್ನು ಹೊಟ್ಟೇಲಿ ಇಟ್ಕೊಂಡು ಏನು ಮಾಡ್ಲಿ?"

* * *

ಮೂವತ್ತೊಂದು ವರ್ಷದ ಹಿಂದಿನ ಮಾತು. ನೀರಿನ ಮಾರ್ಗದ ಅಳತೆ ದಿಬ್ಬದ ಕೆಳಗಿನ ಊರ ಶಾಲೆಯವರೆಗೆ ಮುಗಿದಿತ್ತು. ಅಳತೆಕೋಲು ಹಿಡಿಯುತ್ತಿದ್ದವನು ಇದೇ ಫಿಟ್ಟರ್, ಆಗ ದಿನಗೂಲಿಯವನು. ಉಳಿದದ್ದು ಶಾಲೆಯಾಚೆ ದಿಬ್ಬದ ಹನ್ನೊಂದು ಮನೆ. ಅಷ್ಟರಲ್ಲಿ ಅಂಚೆಯವನು ಸೈಕಲ್ ತುಳಿದುಕೊಂಡು ಬಂದ. ಸಾಹೇಬರ ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ.

"ಕೋಲು ಮೇಲಕ್ಕೆ ಒಯ್ಯಲಾ ಸಾಹೇಬ್ರೆ?"

ಸಾಹೇಬರು ಹಣೆಗೆ ಕೈ ಅಡ್ಡ ಹಿಡಿದು ದಿಬ್ಬ ನೋಡಿದರು. "ಶಾಲೆಗಿಂತ ಒಂದು ಮೀಟರ್ ಎತ್ತರ ಇರಬಹುದು, ಅಷ್ಟೇ," ಎಂದು ಪುಸ್ತಕದಲ್ಲಿ ಬರೆದು ಓಡಿದರು. ಅಳತೆಯ ಯಂತ್ರವನ್ನು ಮಡಚಿಡಲೂ ನಿಲ್ಲಲಿಲ್ಲ.

ಆ ಅಂಕಿಯ ಮೇಲೆ ನಕ್ಷೆಯಾಯಿತು, ಟೆಂಡರಾಯಿತು, ಗುತ್ತಿಗೆದಾರ ಟ್ಯಾಂಕು ಕಟ್ಟಿ ಪೈಪು ಹೂಳಿದ. ನೀರು ಬಿಟ್ಟ ದಿನ ಊರೆಲ್ಲ ಕೊಡ ಹಿಡಿದು ನಿಂತಿತ್ತು. ಶಾಲೆಯ ನಲ್ಲಿಯಲ್ಲಿ ನೀರು ಬಂತು. ದಿಬ್ಬದ ನಲ್ಲಿಗಳು ಉಸ್ಸೆಂದು ಗಾಳಿ ಬಿಟ್ಟು ಸುಮ್ಮನಾದವು. ದಿಬ್ಬ ಏಳು ಮೀಟರ್ ಎತ್ತರವಿತ್ತು, ಟ್ಯಾಂಕಿನ ನೀರು ಅಲ್ಲಿಗೆ ಏರುವಂತಿರಲಿಲ್ಲ.

ಗುತ್ತಿಗೆದಾರನ ತಲೆಗೆ ಕಟ್ಟಿಬಿಡೋಣ ಎಂದರು ಮೇಲಿನವರು. ಸಾಹೇಬರು ಒಪ್ಪದೆ, ಅಳೆಯದೆ ಬರೆದವನು ನಾನೇ ಎಂದು ಸಹಿ ಹಾಕಿ ಕೊಟ್ಟರು. ಬಡ್ತಿ ಅಲ್ಲಿಗೇ ನಿಂತಿತು. ದಿಬ್ಬಕ್ಕೊಂದು ಪಂಪು ಕೊಡಿ ಎಂದು ಪ್ರತಿ ವರ್ಷ ಅರ್ಜಿ ಹಾಕಿದರು. ಹನ್ನೊಂದೇ ಮನೆ ತಾನೇ ಎಂದು ಪ್ರತಿ ವರ್ಷ ಅದು ವಾಪಸು ಬಂತು. ಆಗಲಿಲ್ಲ ಎನ್ನುವುದನ್ನು ಎದುರು ನಿಂತೇ ಹೇಳಬೇಕು ಎಂದು, ತಪ್ಪು ಮಾಡಿದ ಅದೇ ದಿನ, ವರ್ಷಾ ವರ್ಷಾ ದಿಬ್ಬ ಹತ್ತಿದರು.

* * *

ಅಪ್ಪ ಬಿಟ್ಟು ಹೋದ ದಿನಗಳೆಲ್ಲ ಮಗಳಿಗೆ ನೆನಪಿದ್ದವು. ಅಪ್ಪ ಓಡಿ ಬಂದ ದಿನವೊಂದಿತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಮೊದಲನೇ ಸಲ ಬಂದಾಗ ಚೆನ್ನಾಗಿ ಬೈಯೋಣ ಅಂತಲೇ ಇದ್ವಿ," ಎಂದಳು ಅಜ್ಜಿ. "ಖಾಲಿ ಕೊಡ ತಂದು ಮುಂದೆ ಇಟ್ವಿ. ಅಳತೆ ಮಾಡಿದ ದಿನ ಮಗಳು ಹುಟ್ಟಿದ್ಳು, ಓಡಿಬಿಟ್ಟೆ ಅಂದ. ಹೇಗೆ ಬೈಯೋದು ಹೇಳು? ಹಲ್ಲು ಬಂತಾ ಅಂತ ಕೇಳಿದ್ವಿ. ಆಮೇಲೆ ಅದೇ ಆಯ್ತು. ಮಾತಾಡ್ತಾಳಾ, ಶಾಲೆಗೆ ಹೋಗ್ತಾಳಾ... ನೀರಿನ ವಿಷಯ ಹೇಳೋಕೆ ತಡವರಿಸೋನು, ನಿನ್ನ ವಿಷಯ ಕೇಳಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ."

ಮಗಳು ಆಗ ಅತ್ತಳು. ಅಪ್ಪನಿಗಾಗಿ ಅತ್ತಳು, ಸಿಟ್ಟಿನಲ್ಲೇ ಕಳೆದುಹೋದ ವರ್ಷಗಳಿಗಾಗಿ ಅತ್ತಳು. ಕ್ಷಮೆ ಕೇಳುವುದಾದರೆ ಮಣ್ಣಲ್ಲಿ ಮಲಗಿದವರನ್ನು ಕೇಳಬೇಕೋ, ಮುಂದೆ ನಿಂತಿರುವ ಈ ಅಜ್ಜಿಯನ್ನೋ, ತಿಳಿಯಲಿಲ್ಲ.

"ಕಾಲು ತೊಳ್ಕೊಳ್ಳಿ ಅಜ್ಜಿ," ಎಂದು ಕೈ ಹಿಡಿದು ಕರೆತಂದು ನಲ್ಲಿಯನ್ನು ಪೂರಾ ತಿರುಗಿಸಿದಳು. ಅಜ್ಜಿ ಒಂದು ಬೊಗಸೆ ಹಿಡಿದಳು, ಮುಖಕ್ಕೆ ಅರ್ಧ, ಕಾಲಿಗೆ ಅರ್ಧ.

"ಸಾಕು, ನಿಲ್ಸಮ್ಮ."

ನಲ್ಲಿಯ ಮೇಲಿದ್ದ ಮಗಳ ಕೈ ಅಲ್ಲಾಡಲಿಲ್ಲ. ನೀರು ಅಂಗಳದ ತುಂಬ ಹರಿಯುತ್ತಿತ್ತು. ಅಜ್ಜಿ ತಾನೇ ಕೈ ಚಾಚಿ ನಲ್ಲಿ ಬಿಗಿದಳು, ತೊಟ್ಟಿಕ್ಕುವುದು ನಿಲ್ಲುವವರೆಗೂ ಅಂಗೈಯನ್ನು ಅದರ ಕೆಳಗೇ ಹಿಡಿದಿದ್ದಳು, ಆಮೇಲೆ ಆ ಒದ್ದೆ ಅಂಗೈಯಿಂದ ಮಗಳ ಮುಖ ಒರೆಸಿದಳು.